ನೀವು ಅಂತಲೇ ಕರೆದಿದ್ದಕ್ಕೆ ಥ್ಯಾಂಕ್ಸ್ ಮೇಡಂ

ಹೋದ ಮಂಗಳವಾರ ನನ್ನ ಕೊನೇ ಥೆರಪಿ ಸೆಷನ್ ಮುಗೀತು. ಒಟ್ಟು 22 ತಿಂಗಳು, 61 ಸೆಷನ್. ಪ್ರತೀ ಸಲ ಹೊರಗೆ ಬಂದ್ಮೇಲೆ ಡೈರಿಲಿ ಒಂದು ಗೆರೆ ಎಳೀತಿದ್ದೆ, ಅದಕ್ಕೆ ಲೆಕ್ಕ ಗೊತ್ತು. ಇದನ್ನ ಬರೀಬೇಕೋ ಬೇಡ್ವೋ ಅಂತ ನಾಲ್ಕು ದಿನದಿಂದ ಒದ್ದಾಡ್ತಿದೀನಿ, ಯಾಕಂದ್ರೆ ನಮ್ಮ ಕಡೆಯವ್ರೂ ಓದ್ತಾರೆ, ಆಫೀಸ್‌ನವ್ರೂ ಓದ್ತಾರೆ. ಆದ್ರೂ ಬರೀತೀನಿ. ನನ್ನ ಥೆರಪಿಸ್ಟ್ ಮೇಡಂ ಹೆಸರು ಹಾಕಲ್ಲ. ಅವ್ರನ್ನ ಕೇಳ್ದೆ, ಹೆಸರು ಬೇಡ ಅಂದ್ರು, ನಿಮ್ಮ ಕಥೆ ನಿಮ್ಮದು, ಎಷ್ಟು ಹೇಳ್ಬೇಕು ಅನ್ಸತ್ತೋ ಅಷ್ಟು ಹೇಳಿ ಅಂದ್ರು.

ನಮ್ಮಮ್ಮ ಹೋಗಿದ್ದು ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ. ತಿಪಟೂರಲ್ಲಿ ಮನೆ ಮುಂದಿನ ರೂಮಲ್ಲಿ ಬ್ಲೌಸ್ ಹೊಲೀತಿದ್ರು. ಅಮ್ಮ ಹೋದಾಗ ನಾನು ಅತ್ತಿದ್ದು ಎರಡು ದಿನ ಅಷ್ಟೇ, ಆಮೇಲೆ ಅಪ್ಪನಿಗೆ ಅಡುಗೆ, ತಮ್ಮನ ಪಿಯುಸಿ, ನನ್ನ ಎಕ್ಸಾಮು, ಅಳೋಕೆ ಟೈಮೇ ಸಿಗ್ಲಿಲ್ಲ. ಗಟ್ಟಿಗಿತ್ತಿ ಕಣಮ್ಮ ನೀನು ಅಂತ ಎಲ್ರೂ ಹೊಗಳಿದ್ರು, ನಾನೂ ಹಾಗೇ ಅನ್ಕೊಂಡೆ. 11 ವರ್ಷ ಆದ್ಮೇಲೆ ಮಗಳು ಹುಟ್ಟಿದ್ಲು. ಬಾಣಂತನಕ್ಕೆ ತವರಿಗೆ ಹೋಗ್ಬೇಕು, ಆದ್ರೆ ತವರಲ್ಲಿ ಮಾಡೋರು ಯಾರು? ದೊಡ್ಡಮ್ಮ ಬಂದು ಒಂದು ತಿಂಗಳು ನೋಡ್ಕೊಂಡ್ರು, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಯಾವುದಕ್ಕೂ ಕೊರತೆ ಮಾಡ್ಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದ್ವಿ, ಅತ್ತೆ ನೋಡ್ಕೊಂಡ್ರು. ಯಾರ ಮೇಲೂ ಒಂದು ದೂರಿಲ್ಲ. ಆದ್ರೆ ಮಗು ಮಲಗಿದ್ರೂ ನಂಗೆ ನಿದ್ದೆ ಬರ್ತಿರ್ಲಿಲ್ಲ, ಎದೆಹಾಲು ಕೊಡುವಾಗ ಮಗು ಮುಖ ನೋಡಿದ್ರೆ ಏನೂ ಅನ್ಸ್ತಿರ್ಲಿಲ್ಲ, ಮೆಟ್ಟಿಲ ಹತ್ರ ಮಗು ಎತ್ಕೊಂಡು ನಿಂತ್ರೆ ಕೈ ಬಿಟ್ಟುಬಿಡ್ತೀನೇನೋ ಅಂತ ಭಯ ಆಗಿ ಗೋಡೆ ಹಿಡ್ಕೊಂಡು ಕೂತುಬಿಡ್ತಿದ್ದೆ. ಮೊದಲು ತೋರಿಸಿದ ಕಡೆ ಡಾಕ್ಟರ್ ನನ್ನ ಮುಖಾನೂ ಸರಿಯಾಗಿ ನೋಡ್ಲಿಲ್ಲ, ಎಲ್ಲ ತಾಯಂದ್ರಿಗೂ ಆಗತ್ತೆ, ಮಗು ನೋಡ್ಕೊಂಡು ಖುಷಿಯಾಗಿರಿ ಅಂತ ಐರನ್ ಮಾತ್ರೆ ಬರೆದ್ರು. ಆ ಖುಷಿಯಾಗಿರಿ ಅನ್ನೋ ಮಾತು ಆರು ವಾರ ನನ್ನನ್ನ ಹಿಂದಕ್ಕೆ ತಳ್ತು, ಖುಷಿ ಬರ್ದೇ ಇರೋದು ನನ್ನದೇ ತಪ್ಪು ಅಂತ ನಂಬ್ಕೊಂಡಿದ್ದೆ.

ಕೊನೆಗೆ ನನ್ನ ನಾದಿನಿ 14416ಕ್ಕೆ ಫೋನ್ ಮಾಡಿದ್ಲು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಇರೋ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು, ಫ್ರೀ, ರಾತ್ರಿ ಹಗಲು ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಈ ನಂಬರ್ ಒಂದನ್ನ ದಯವಿಟ್ಟು ಸೇವ್ ಮಾಡ್ಕೊಳ್ಳಿ, ನಿಮಗೆ ಬೇಡ ಅಂದ್ರೂ ಪಕ್ಕದ ಮನೆ ಬಾಣಂತಿಗೆ ಬೇಕಾಗಬಹುದು. ಅಲ್ಲಿಂದ ಸೈಕಿಯಾಟ್ರಿಸ್ಟ್ ಹತ್ರ ಹೋದ್ವಿ. ಅವ್ರು 10 ಪ್ರಶ್ನೆ ಇರೋ ಒಂದು ಹಾಳೆ ಕೊಟ್ರು, ಹೋದ ಏಳು ದಿನ ಹೇಗಿತ್ತು ಅಂತ ಗುರುತು ಹಾಕ್ಬೇಕು. ಎಡಿನ್‌ಬರೊ ಸ್ಕೇಲ್ ಅಂತಾರೆ, ಬಾಣಂತೀರಿಗೆ ಬರೋ ಖಿನ್ನತೆ ಗುರುತಿಸೋಕೆ, 1987ರಲ್ಲಿ ಮಾಡಿದ್ದಂತೆ, ಕನ್ನಡದಲ್ಲೂ ಇದೆ. ಹತ್ತನೇ ಪ್ರಶ್ನೆ ನಿಮಗೇ ನೀವು ಹಾನಿ ಮಾಡ್ಕೋಬೇಕು ಅನ್ಸಿದ್ಯಾ ಅನ್ನೋದು. ಅದರ ಮುಂದೆ ಪೆನ್ ಇಟ್ಕೊಂಡು ಎಷ್ಟು ಹೊತ್ತು ಕೂತಿದ್ದೆ ನೆನಪಿಲ್ಲ. ಗುರುತು ಹಾಕ್ದೆ. ಹಾಕಿದ್ಮೇಲೆ ಯಾರೂ ಬೈಲಿಲ್ಲ. ಹಾಲು ಕೊಡೋರಿಗೂ ಕೊಡಬಹುದಾದ ಮಾತ್ರೆ ಬರ್ಕೊಟ್ರು, ಜೊತೆಗೆ ವಾರಕ್ಕೊಂದ್ಸಲ ಥೆರಪಿ ಬೇಕು ಅಂತ ಮೇಡಂ ಹತ್ರ ಕಳಿಸಿದ್ರು. ಮಾತ್ರೆಯಿಂದ ನಿದ್ದೆ ವಾಪಸ್ ಬಂತು, ಅದನ್ನ ಇಲ್ಲಿ ಹೇಳ್ಲೇಬೇಕು, ಬರೀ ಮಾತಿಂದ ಎಲ್ಲ ಆಯ್ತು ಅಂತ ಯಾರೂ ತಿಳ್ಕೋಬಾರ್ದು.

ಮೊದಲ ಎರಡು ತಿಂಗಳು ನಾನು ಮೇಡಂ ಹತ್ರ ಇಂಗ್ಲಿಷಲ್ಲೇ ಮಾತಾಡ್ತಿದ್ದೆ. ಅವ್ರಿಗೂ ಕನ್ನಡ ಚೆನ್ನಾಗಿ ಬರತ್ತೆ, ನಂದೂ ಅದೇ ಭಾಷೆ, ಆದ್ರೂ ಐ ಆಮ್ ಫೀಲಿಂಗ್ ಲೋ, ಗಿಲ್ಟ್ ಇದೆ, ಆಂಗ್ಸೈಟಿ ಇದೆ ಅಂತ ಆಫೀಸ್ ಮೀಟಿಂಗ್ ಥರ ರಿಪೋರ್ಟ್ ಒಪ್ಪಿಸಿ ಬರ್ತಿದ್ದೆ. ಒಂದಿನ ಅವ್ರು, ಇದನ್ನ ನಿಮ್ಮಮ್ಮನಿಗೆ ಹೇಳೋದಾಗಿದ್ರೆ ಹೇಗೆ ಹೇಳ್ತಿದ್ರಿ ಅಂತ ಕೇಳಿದ್ರು. ನಾನು "ಅಮ್ಮಾ, ನಂಗೆ ಆಗ್ತಿಲ್ಲ ಕಣಮ್ಮ" ಅಂದೆ, ಅಷ್ಟೇ, ಉಳಿದ ಅರ್ಧ ಗಂಟೆ ಬರೀ ಅಳು. ಆಮೇಲೆ ಈ ಥೆರಪಿ ಅನ್ನೋದು ಎಲ್ಲಿಂದ ಬಂತು ಅಂತ ಓದ್ತಿದ್ದಾಗ ಬರ್ಥಾ ಪಾಪೆನ್‌ಹೈಮ್ ಅನ್ನೋ ಹೆಣ್ಣುಮಗಳ ವಿಷಯ ಸಿಕ್ತು. ವಿಯೆನ್ನಾದವಳು. 1880ರಲ್ಲಿ, 21ನೇ ವಯಸ್ಸಲ್ಲಿ, ಕಾಯಿಲೆ ಬಿದ್ದ ಅಪ್ಪನ್ನ ನೋಡ್ಕೊಳ್ತಾ ನೋಡ್ಕೊಳ್ತಾ ತಾನೇ ಕಾಯಿಲೆ ಬಿದ್ಲು, ಎಷ್ಟೋ ದಿನ ಅವಳ ಬಾಯಿಗೆ ತನ್ನ ಭಾಷೆ ಜರ್ಮನ್ನೇ ಬರ್ತಿರ್ಲಿಲ್ವಂತೆ, ಬರೀ ಇಂಗ್ಲಿಷ್ ಬರ್ತಿತ್ತಂತೆ. ನಾನು ಅದನ್ನ ಎರಡು ಸಲ ಓದ್ದೆ. ಡಾಕ್ಟರ್ ಬ್ರಾಯರ್ ಬಂದು ಕೂತು ಅವಳ ಮಾತು ಕೇಳಿಸ್ಕೊಳ್ತಿದ್ರು, ಅದಕ್ಕೆ ಟಾಕಿಂಗ್ ಕ್ಯೂರ್ ಅಂತ ಹೆಸರಿಟ್ಟಿದ್ದೂ ಅವಳೇ. ಡಾಕ್ಟರ್ ಅಲ್ಲ ನೋಡಿ, ಪೇಷೆಂಟ್ ಇಟ್ಟ ಹೆಸರು. ಆಮೇಲೆ ಬ್ರಾಯರ್ ಅವಳ ಬಗ್ಗೆ ಬರೆದಾಗ ಪುಸ್ತಕದಲ್ಲಿ ಅವಳನ್ನ ಅನ್ನಾ ಓ ಅಂತ ಹೆಸರು ಮರೆಸಿ ಬರೆದ್ರು. ಆ ಚಿಕಿತ್ಸೆಯಿಂದ ಅವಳಿಗೆ ಪೂರ್ತಿ ಗುಣ ಏನೂ ಆಗ್ಲಿಲ್ಲ, ಆಮೇಲೂ ಆಸ್ಪತ್ರೆ ಸೇರಿದ್ಲು, ಆದ್ರೆ 1904ರ ಹೊತ್ತಿಗೆ ಜರ್ಮನಿಯ ಯಹೂದಿ ಹೆಂಗಸರ ಸಂಘ ಕಟ್ಟಿ ಅದನ್ನ ನಡೆಸೋ ಮಟ್ಟಕ್ಕೆ ಎದ್ದು ನಿಂತಿದ್ಲು. ನಂಗೆ ಅವಳ ಮೇಲೆ ತುಂಬಾ ಪ್ರೀತಿ.

ಈಗ ಹೇಳೋಕೆ ಕಷ್ಟ ಆಗಿರೋ ವಿಷಯಕ್ಕೆ ಬರ್ತೀನಿ. ನಂಗೆ ಮೇಡಂ ಮೇಲೆ ಪ್ರೀತಿ ಹುಟ್ತು. ಬೇರೆ ಯಾವ ಪದಾನೂ ಸರಿಹೋಗಲ್ಲ. ಅವ್ರು ಡೈರಿ ನೋಡುವಾಗ ಕನ್ನಡಕ ಹಣೆ ಮೇಲಕ್ಕೆ ಎತ್ತಿ ಇಟ್ಕೊಳ್ತಾರೆ, ನಮ್ಮಮ್ಮ ಸೂಜಿಗೆ ದಾರ ಪೋಣಿಸುವಾಗ ಥೇಟ್ ಹಾಗೇ ಮಾಡ್ತಿದ್ರು. ಮಂಗಳವಾರ ಬೆಳಿಗ್ಗೆ ಯಾವ ಕುರ್ತಾ ಹಾಕ್ಕೊಳ್ಳಲಿ ಅಂತ ಯೋಚ್ನೆ, ಬುಧವಾರದಿಂದ ಮುಂದಿನ ಮಂಗಳವಾರಕ್ಕೆ ಲೆಕ್ಕ, ಮಗು ಬೋರಲು ಬಿದ್ದಿದ್ದನ್ನ ಗಂಡನಿಗೆ ಹೇಳೋಕೂ ಮುಂಚೆ ಮೇಡಂಗೆ ಹೇಳ್ಬೇಕು ಅನ್ನೋ ಆಸೆ. ಅವ್ರ ಮಕ್ಕಳು ಯಾರು, ಅವ್ರಿಗೆ ಎಷ್ಟು ಅದೃಷ್ಟ ಅಂತ ಹೊಟ್ಟೆಕಿಚ್ಚು ಕೂಡ ಆಗ್ತಿತ್ತು. ಇದನ್ನ ಯಾರಿಗೆ ಹೇಳೋದು? ಅದೂ ಅಲ್ದೆ ಸೆಷನ್ ಮುಗಿದ ತಕ್ಷಣ ಕಣ್ಣು ಒರೆಸ್ಕೊಂಡು ರಿಸೆಪ್ಷನ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸ್ಬೇಕು, ಅಲ್ಲಿದ್ದ ಡಬ್ಬ ಇಷ್ಟು ರೂಪಾಯಿ ಬಂದಿದೆ ಅಂತ ಜೋರಾಗಿ ಕೂಗತ್ತೆ, ಆ ದನಿ ಕೇಳಿದಾಗೆಲ್ಲ ಎದೆ ಚುಳ್ ಅಂತಿತ್ತು, ದುಡ್ಡು ಕೊಟ್ಟು ಅಮ್ಮನ್ನ ಬಾಡಿಗೆಗೆ ತಗೊಂಡ ಹಾಗೆ ಅನ್ಸಿ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡು ಅಳ್ತಿದ್ದೆ.

ಏಳೆಂಟು ತಿಂಗಳಾದ್ಮೇಲೆ ಒಂದಿನ ಧೈರ್ಯ ಮಾಡಿ ಕೇಳ್ದೆ. ಮೇಡಂ, ನಾನು ನಿಮಗಿಂತ ಎಷ್ಟು ಚಿಕ್ಕೋಳು, ಹೋಗಿ ಬನ್ನಿ ಅಂತೆಲ್ಲ ಯಾಕೆ ಕರೀತೀರ, ನೀನು ಅನ್ನಿ ಅಂದೆ. ಹೇಳಿ ಮುಗಿಸೋ ಹೊತ್ತಿಗೆ ಗಂಟಲು ಕಟ್ಟಿತ್ತು. ಅವ್ರು ತಕ್ಷಣ ಹೂಂ ಅನ್ಲಿಲ್ಲ, ಇಲ್ಲ ಅಂತಾನೂ ಅನ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನಿಮ್ಮನ್ನ ನೀನು ಅಂತ ಯಾರು ಕರೀತಿದ್ರು ಅಂತ ಕೇಳಿದ್ರು. ಅಮ್ಮ. ಏನೇ, ಬಾರೇ, ತಿಂದ್ಯೇನೇ. 11 ವರ್ಷದಿಂದ ನನ್ನನ್ನ ಏನೇ ಅಂತ ಯಾರೂ ಕರ್ದಿಲ್ಲ ಮೇಡಂ ಅಂದೆ. ಅವತ್ತು ನಾನು ಅಮ್ಮನ ಸಾವಿಗೆ ಅತ್ತೆ, 11 ವರ್ಷ ಲೇಟಾಗಿ, ಎಲ್ಲಾನೂ. ಅಮ್ಮ ಇಲ್ದೆ ಅಮ್ಮ ಆಗೋದು ಹೇಗೆ ಅಂತ ಗೊತ್ತಿಲ್ಲದೆ ನಾನು ಆ ಮಗು ಮುಂದೆ ಕಲ್ಲಾಗಿ ಕೂತಿದ್ದೆ ಅಂತ ಅವತ್ತೇ ಗೊತ್ತಾಗಿದ್ದು. ಮುಂದಿನ ವಾರಾನೂ ಅವ್ರು ಬನ್ನಿ, ಕೂತ್ಕೊಳ್ಳಿ ಅಂತಾನೇ ಅಂದ್ರು.

ನಂಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಇಷ್ಟೆಲ್ಲ ಕೇಳಿಸ್ಕೊಂಡ್ಮೇಲೂ ಒಂದು ನೀನು ಕೊಡೋಕೆ ಆಗಲ್ವಾ ಅಂತ. ಅದರ ಮೇಲೆ ಅವ್ರು ಮೂರು ವಾರ ರಜೆ ಹೋದ್ರು. ಒಂದೂವರೆ ತಿಂಗಳು ಮುಂಚೆನೇ ಹೇಳಿದ್ರು, ತುರ್ತು ಆದ್ರೆ ಯಾರನ್ನ ಕೇಳ್ಬೇಕು ಅಂತಾನೂ ಬರ್ಕೊಟ್ಟಿದ್ರು. ಆದ್ರೂ ಆ ಮೂರು ವಾರ ಬಿಟ್ಟು ಹೋದ್ರು ಬಿಟ್ಟು ಹೋದ್ರು ಅಂತ ಒಂದೇ ಮಾತು ತಲೇಲಿ. ವಾಪಸ್ ಬಂದಾಗ ನಾನೇ ಎರಡು ಸೆಷನ್ ತಪ್ಪಿಸ್ದೆ, ಮಗೂಗೆ ಜ್ವರ ಅಂತ ಸುಳ್ಳು ಮೆಸೇಜ್ ಹಾಕ್ದೆ. ಮೂರನೇ ವಾರ ಹೋಗಿ, ನಿಮ್ಮ ಮೇಲೆ ಕೋಪ ಇದೆ, ನಿಮಗೆ ನಾನು ಬರೀ ಒಂದು ಅಪಾಯಿಂಟ್‌ಮೆಂಟ್ ಅಲ್ವಾ ಅಂತ ಒದರಿಬಿಟ್ಟೆ. ನನ್ನ ಜೀವನದಲ್ಲಿ ಪ್ರೀತಿ ಮಾಡೋರ ಮುಖ ನೋಡಿ ಕೋಪ ಅಂತ ಹೇಳಿದ್ದು ಅದೇ ಮೊದಲು. ಅಮ್ಮನಿಗೂ ಹೇಳೋಕೆ ಸಿಗ್ಲಿಲ್ಲ, ನೀನ್ಯಾಕೆ ಇಷ್ಟು ಬೇಗ ಹೋದೆ ಅಂತ. ಮೇಡಂ ಬೇಜಾರು ಮಾಡ್ಕೊಳ್ಳಲಿಲ್ಲ, ಸಮಾಧಾನಾನೂ ಹೇಳ್ಲಿಲ್ಲ, "ಕೋಪ ಇಟ್ಕೊಂಡೂ ಬಂದ್ರಲ್ಲ, ಅದು ದೊಡ್ಡದು" ಅಂದ್ರು. ಆಮೇಲೆ ಇದಕ್ಕೆ ಒಂದು ಹೆಸರಿದೆ ಅಂತ ಹೇಳಿದ್ರು, ಟ್ರಾನ್ಸ್‌ಫರೆನ್ಸ್. ಹಳೇ ಜೀವದ ಮೇಲಿನ ಪ್ರೀತಿ, ಕೋಪ, ಬಯಕೆ ಎಲ್ಲ ಈಗ ಎದುರಿಗೆ ಕೂತೋರ ಮೇಲೆ ಬಂದು ಕೂರೋದು. ನಿಮ್ಮೊಬ್ಬರಿಗೇ ಆಗೋದಲ್ಲ, ನಾಚಿಕೆ ಪಡೋದೇನಿಲ್ಲ, ಇದನ್ನ ಇಲ್ಲೇ ಮಾತಾಡೋಣ ಅಂದ್ರು. ಈ ಮಾತಿನ ಚಿಕಿತ್ಸೆನ ಬೆಳೆಸಿದ ಡಾಕ್ಟರ್ ಫ್ರಾಯ್ಡ್ 1915ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಹೆಂಗಸರು ಡಾಕ್ಟರ್‌ನ ಪ್ರೀತಿಸೋಕೆ ಶುರು ಮಾಡಿದ್ರೆ ಡಾಕ್ಟರ್ ಏನು ಮಾಡ್ಬೇಕು ಅಂತ. ಅದನ್ನ ಸುಳ್ಳು ಅಂತ ತಳ್ಳಿಹಾಕ್ಬಾರ್ದು, ಹಾಗಂತ ಆ ಪ್ರೀತಿಗೆ ಓಗೊಟ್ಟು ಮುಂದೆ ಹೋಗಲೂಬಾರ್ದು ಅಂತಾರೆ. ನೂರು ವರ್ಷದ ಹಿಂದಿನ ಮಾತು, ಹೆಂಗಸರ ಬಗ್ಗೆ ಫ್ರಾಯ್ಡ್ ಬರೆದಿದ್ದೆಲ್ಲ ನಾನು ಒಪ್ಪಲ್ಲ, ಆದ್ರೆ ಈ ಒಂದು ಮಾತಿನ ಬೆಲೆ ನಂಗೆ ಮೈಮೇಲೆ ಬಂದು ಗೊತ್ತಾಗಿದೆ.

ಅದಕ್ಕೇ ಈ ಥ್ಯಾಂಕ್ಸು. ಮೇಡಂ, ನೀವು ನನ್ನ ಪ್ರೀತೀನ ತಗೊಂಡ್ರಿ, ಬಳಸ್ಕೊಳ್ಳಲಿಲ್ಲ. ಯುಗಾದಿಗೆ ಹೋಳಿಗೆ ತಂದಾಗ ಒಂದು ತಿಂದು, ಯಾರ ಕೈ ರುಚಿ ಇದು ಅಂತ ಕೇಳಿ ಮತ್ತೆ ಅಮ್ಮನ ಹತ್ರಾನೇ ಕರ್ಕೊಂಡು ಹೋದ್ರಿ. ಮನೆ ಅಡ್ರೆಸ್ ಕೊಡ್ಲಿಲ್ಲ, ರಾತ್ರಿ ಮೆಸೇಜ್‌ಗೆ ಬೆಳಿಗ್ಗೆನೇ ಉತ್ತರ ಕೊಟ್ರಿ, 50 ನಿಮಿಷ ಅಂದ್ರೆ 50 ನಿಮಿಷ. ಆಗ ಅದು ಕಲ್ಲಿನ ಗೋಡೆ ಥರ ಕಾಣ್ತಿತ್ತು. ಈಗ ಯೋಚಿಸಿದ್ರೆ ಆ ಗೋಡೆ ಇದ್ದಿದ್ದಕ್ಕೇ ನಾನು ಅದಕ್ಕೆ ಒರಗಿ ಅಷ್ಟು ಅಳೋಕೆ ಆಗಿದ್ದು. ಥೆರಪಿಸ್ಟ್ ನಿಮ್ಮ ಜೊತೆ ಹೊರಗೆ ಕಾಫಿಗೆ ಬರ್ತೀನಿ ಅಂದ್ರೆ, ಮುಟ್ಟೋಕೆ ಬಂದ್ರೆ, ತಮ್ಮ ಮನೆ ಕಷ್ಟ ನಿಮ್ಮ ಹತ್ರ ತೋಡ್ಕೊಂಡ್ರೆ, ಇದು ಯಾರಿಗೂ ಹೇಳ್ಬೇಡಿ ಅಂದ್ರೆ, ಅಲ್ಲಿಂದ ಎದ್ದು ಬನ್ನಿ ಅಕ್ಕಾ, ತಂಗೀ. ಆ ಸಮಯದಲ್ಲಿ ನಾವು ಎಷ್ಟು ಬರಿದಾಗಿರ್ತೀವಿ ಅಂದ್ರೆ ಯಾರು ಏನು ಕೊಟ್ರೂ ಅಮೃತ ಅಂತ ಕುಡಿದುಬಿಡ್ತೀವಿ.

ಏನು ಬದಲಾಯ್ತು ಅಂತ ಕೇಳ್ತೀರೇನೋ. ಹೋದ ವರ್ಷ ದೀಪಾವಳಿ ಹಿಂದಿನ ದಿನ ದೊಡ್ಡಮ್ಮ ಫೋನ್ ಮಾಡಿದ್ರು. ಎತ್ತಿದ ತಕ್ಷಣ "ಏನೇ, ಕೂಸು ಮಲಗ್ತೇನೇ" ಅಂದ್ರು. ನಾನು ಫೋನ್ ಹಿಡ್ಕೊಂಡು ಹಾಗೇ ನಿಂತೆ. ದೊಡ್ಡಮ್ಮ ಯಾವಾಗ್ಲೂ ಹೀಗೇ ಕರೀತಿದ್ರಲ್ವಾ, ಬಾಣಂತನದ ಒಂದು ತಿಂಗಳೂ ದಿನಕ್ಕೆ ಇಪ್ಪತ್ತು ಸಲ ಏನೇ ಏಳೇ ತಿನ್ನೇ ಅಂತಾನೇ ಇದ್ರು. ಯಾರೂ ಕರ್ದಿಲ್ಲ ಅಂತ ಮೇಡಂ ಮುಂದೆ ಅಷ್ಟು ಅತ್ತಿದ್ನಲ್ಲ, ಅದು ನನ್ನ ಕಿವಿಗೇ ಬಿದ್ದಿರ್ಲಿಲ್ಲ. ಅವತ್ತು ದೊಡ್ಡಮ್ಮನ ಜೊತೆ ಒಂದು ಗಂಟೆ ಮಾತಾಡ್ದೆ, ಅಮ್ಮ ನನ್ನ ಹೆತ್ತಾಗ ಹೇಗಿದ್ರು ಅಂತ ಮೊದಲ ಸಲ ಕೇಳ್ದೆ. ನಿಮ್ಮಮ್ಮಾನೂ ಮೂರು ತಿಂಗಳು ಮಾತೇ ಆಡ್ಲಿಲ್ಲ ಕಣೇ, ಗಾಳಿ ಸೋಕಿದೆ ಅಂತ ತಾಯತ ಕಟ್ಸಿದ್ರು ಅಂದ್ರು. ಅಮ್ಮಂಗೆ ಒಂದು ಮಂಗಳವಾರ ಸಿಗ್ಲಿಲ್ಲ.

ಗಂಡನಿಗೂ ಥ್ಯಾಂಕ್ಸ್, ಪ್ರತೀ ಮಂಗಳವಾರ ಮಧ್ಯಾಹ್ನ ಆಫೀಸಿಂದ ಬಂದು ಮಗು ನೋಡ್ಕೊಂಡ್ರು, ಒಳಗೆ ಏನು ಮಾತಾಡಿದ್ರಿ ಅಂತ ಒಂದಿನಾನೂ ಕೇಳ್ಲಿಲ್ಲ. ಅತ್ತೆಗೆ, ಈ ದುಡ್ಡಲ್ಲಿ ಚಿನ್ನ ಬರ್ತಿತ್ತು ಅಂತ ಮೊದಮೊದಲು ಅಂದ್ರೂ ಆಮೇಲೆ ತಾವೇ ಇವತ್ತು ಮಂಗಳವಾರ ಕಣಮ್ಮ, ರೆಡಿಯಾಗು ಅಂತ ನೆನಪಿಸಿದ್ದಕ್ಕೆ. ನಾದಿನಿಗೆ ಎಷ್ಟು ಹೇಳಿದ್ರೂ ಸಾಲದು. ಎಲ್ರಿಗೂ ಇಷ್ಟು ಫೀಸ್ ಕೊಡೋಕೆ ಆಗಲ್ಲ, ಗೊತ್ತು. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಕೊಂಡು ನೋಡೋ ವಾರ್ಡೇ ಇದೆ, ಬಾಣಂತೀರಿಗೆ ಅಂತಾನೇ, ತುಂಬಾ ಜನಕ್ಕೆ ಅದು ಗೊತ್ತೇ ಇಲ್ಲ, ಗೊತ್ತಿದ್ದೋರು ಹೇಳಿ.

ಮುಗಿಸೋ ಮಾತು ನಾಲ್ಕು ತಿಂಗಳು ಮುಂಚೆನೇ ಶುರು ಮಾಡಿದ್ವಿ, ವಾರಕ್ಕೊಂದು ಇದ್ದಿದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ. ಅಮ್ಮ ಹೋದಾಗ ಒಂದು ಮಾತು ಆಡೋಕೂ ಆಗಿರ್ಲಿಲ್ಲ, ಈ ಸಲ ಬೀಳ್ಕೊಡೋಕೆ ನಾಲ್ಕು ತಿಂಗಳು ಸಿಕ್ತು. ಕೊನೇ ದಿನ ಒಂದು ಇಳಕಲ್ ಸೀರೆ ತಗೊಂಡು ಹೋಗಿದ್ದೆ. ಅವ್ರು ಬಿಚ್ಚಿ, ಸೆರಗು ಮುಟ್ಟಿ ನೋಡಿ, ತುಂಬಾ ಚೆನ್ನಾಗಿದೆ, ಆದ್ರೆ ನಾನು ತಗೊಳ್ಳೋ ಹಾಗಿಲ್ಲ, ಇದನ್ನ ಯಾರಿಗೆ ಉಡಿಸ್ಬೇಕು ಅನ್ಸತ್ತೆ ಅಂತ ಕೇಳಿದ್ರು. ದೊಡ್ಡಮ್ಮನಿಗೆ ಅಂದೆ. ಕಾಗದ ಕೂಡ ಬರ್ದಿದ್ದೆ, ನಾಲ್ಕು ಪುಟ, ಕನ್ನಡದಲ್ಲಿ. ಅದನ್ನ ತಗೊಂಡ್ರು, ಡೈರಿ ಒಳಗೆ ಇಟ್ಟು ಕನ್ನಡಕ ಹಣೆಗೆ ಏರಿಸಿದ್ರು, ಅವ್ರ ಕಣ್ಣೂ ಒದ್ದೆಯಾಗಿತ್ತು. ನಾನು ಬರ್ತೀನಿ ಮೇಡಂ ಅಂದೆ. "ಹೋಗ್ಬನ್ನಿ" ಅಂದ್ರು.

ನಾಳಿದ್ದು ಭಾನುವಾರ ತಿಪಟೂರಿಗೆ ಹೊರಟಿದೀವಿ, ಸೀರೆ ಬ್ಯಾಗಲ್ಲಿದೆ.