ಮಿಶ್ರ ಚೀಲ ನಿಲ್ಲುತ್ತಿದೆ: ಈ ಹಂಗಾಮಿನಿಂದ ಬೆಳ್ಳುಳ್ಳಿ ತಳಿಯನ್ನು ನೀವೇ ಆರಿಸಿ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ನಮ್ಮ ಸಹಕಾರ ಸಂಘದಿಂದ ಪ್ರತಿವರ್ಷ ಬರುತ್ತಿದ್ದ ‘ಮನೆತೋಟದ ಮಿಶ್ರ ಬೆಳ್ಳುಳ್ಳಿ’ ಚೀಲ ಈ ಹಂಗಾಮಿನಿಂದ ಇರುವುದಿಲ್ಲ. ಇನ್ನು ಮುಂದೆ ಪ್ರತಿ ತಳಿಯನ್ನೂ ಬೇರೆ ಬೇರೆ ಚೀಲದಲ್ಲಿ, ಹೆಸರಿನ ಚೀಟಿ ಕಟ್ಟಿ ಕಳುಹಿಸುತ್ತೇವೆ. ತೂಕದ ಲೆಕ್ಕವನ್ನೂ ಕೈಬಿಟ್ಟಿದ್ದೇವೆ. ಎಷ್ಟು ಗಿಡ ಬೇಕು ಎಂದು ನೀವು ಬರೆದರೆ, ಅಷ್ಟು ಗಿಡಕ್ಕೆ ಸಾಲುವಷ್ಟು ಗಡ್ಡೆಗಳನ್ನು ನಾವು ಎಣಿಸಿ ಕಟ್ಟುತ್ತೇವೆ. ಬೇಡಿಕೆ ಪತ್ರದಲ್ಲಿ ಎರಡು ಹೊಸ ಪ್ರಶ್ನೆಗಳು ಸೇರಿವೆ. ಈ ಪತ್ರ ಉದ್ದವಾಗಿರುವುದು ಮುಖ್ಯವಾಗಿ ಆ ಎರಡು ಪ್ರಶ್ನೆಗಳಿಂದಾಗಿ.

ಮಿಶ್ರ ಚೀಲವನ್ನು ಮೆಚ್ಚಿಕೊಂಡವರು ಅನೇಕರಿದ್ದಾರೆ ಎಂಬುದು ನಮಗೆ ಗೊತ್ತು. ಬಿಳಿ, ನೇರಳೆ, ಕೆಂಪು ಗೆರೆಯ ಗಡ್ಡೆಗಳು ಒಂದೇ ಚೀಲದಿಂದ ಹೊರಬಂದಾಗ ಯಾರಿಗಾದರೂ ಖುಷಿಯಾಗುತ್ತದೆ. ತೊಡಕು ಶುರುವಾಗುವುದು ಪಾತಿಯಲ್ಲಿ. ಬೆಳ್ಳುಳ್ಳಿ ತಳಿಗಳನ್ನು ಟರ್ಬನ್, ಸಿಲ್ವರ್‌ಸ್ಕಿನ್ ಮುಂತಾದ ಗುಂಪುಗಳಾಗಿ ವಿಂಗಡಿಸುತ್ತಾರೆ. ಟರ್ಬನ್ ಗುಂಪಿನ ಗಡ್ಡೆ ಬೇಗ ಬಲಿಯುತ್ತದೆ, ಅದರ ಪಕ್ಕದಲ್ಲೇ ಇರುವ ಸಿಲ್ವರ್‌ಸ್ಕಿನ್ ಆಗ ಇನ್ನೂ ಹಸಿರಾಗಿ ಬೆಳೆಯುತ್ತಿರುತ್ತದೆ. ಮೊದಲನೆಯದಕ್ಕೆ ನೀರು ನಿಲ್ಲಿಸಬೇಕು, ಎರಡನೆಯದಕ್ಕೆ ಕೊಡಬೇಕು. ಒಂದೇ ಮಡಿಯಲ್ಲಿ ಎರಡನ್ನೂ ಮಾಡುವುದು ಹೇಗೆ? ನೀರು ಕೊಟ್ಟರೆ ಬಲಿತ ಗಡ್ಡೆಯ ಸಿಪ್ಪೆ ಮಣ್ಣಿನಲ್ಲೇ ಬಿರಿದು ಎಸಳುಗಳು ಬಿಟ್ಟುಕೊಳ್ಳುತ್ತವೆ, ನಿಲ್ಲಿಸಿದರೆ ಎಳೆಯದು ಸೊರಗುತ್ತದೆ. ಹೆಸರಿನ ಚೀಟಿ ಇಲ್ಲದ್ದರಿಂದ, ಯಾವುದು ಚೆನ್ನಾಗಿ ಬಂತು ಎಂದು ತಿಳಿದು ಮುಂದಿನ ವರ್ಷ ಅದನ್ನೇ ಕೇಳಲು ಕೂಡ ದಾರಿ ಇರಲಿಲ್ಲ.

ತೂಕ ಬಿಟ್ಟಿದ್ದರ ಕಾರಣ ಇನ್ನೂ ಸರಳ. ಪೋರ್ಸಲೇನ್ ಗುಂಪಿನ ಒಂದು ಗಡ್ಡೆಯಲ್ಲಿ ಸಾಮಾನ್ಯವಾಗಿ 4ರಿಂದ 6 ದಪ್ಪ ಎಸಳುಗಳಿರುತ್ತವೆ. ಅಷ್ಟೇ ತೂಗುವ ಆರ್ಟಿಚೋಕ್ ಅಥವಾ ಸಿಲ್ವರ್‌ಸ್ಕಿನ್ ಗಡ್ಡೆಯಲ್ಲಿ 12, 15, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬೆಳ್ಳುಳ್ಳಿಯಲ್ಲಿ ಒಂದು ಎಸಳಿಗೆ ಒಂದು ಗಿಡ. ಹಾಗಾಗಿ ಒಂದೇ ತೂಕ ಕೊಂಡ ಇಬ್ಬರಲ್ಲಿ ಒಬ್ಬರ ಪಾತಿ ತುಂಬುತ್ತಿತ್ತು, ಇನ್ನೊಬ್ಬರದು ಅರ್ಧ ಖಾಲಿ ಉಳಿಯುತ್ತಿತ್ತು. ಗಿಡದ ಲೆಕ್ಕ ಹಾಕುವಾಗ ಒಳಗಿನ ಕಡ್ಡಿಯಂಥ ಎಸಳುಗಳನ್ನು ನಾವು ಎಣಿಕೆಗೆ ಸೇರಿಸುವುದಿಲ್ಲ. ದಪ್ಪ ಎಸಳು ಊರಿದರೆ ದಪ್ಪ ಗಡ್ಡೆ ಎಂಬುದರಲ್ಲಿ ಎರಡು ಮಾತಿಲ್ಲ, ಸಣ್ಣವನ್ನು ಅಡುಗೆಮನೆಗೆ ಕಳುಹಿಸಿ.

ಈಗ ಮೊದಲ ಪ್ರಶ್ನೆ: ನೀವಿರುವಲ್ಲಿ ಚಳಿ ಎಷ್ಟು, ಎಷ್ಟು ದಿನ?

ತಳಿ ಆರಿಸುವಾಗ ಬಹುತೇಕ ಎಲ್ಲರೂ ರುಚಿಯಿಂದ ಶುರು ಮಾಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ರುಚಿ ಕೊನೆಗೆ ಬರಬೇಕಾದದ್ದು. ಗಡ್ಡೆಯೇ ಕಟ್ಟದ ಬೆಳ್ಳುಳ್ಳಿಯ ರುಚಿಯನ್ನು ಯಾರು ನೋಡುತ್ತಾರೆ? ಬೆಳ್ಳುಳ್ಳಿ ಎಸಳುಗಳಾಗಿ ಒಡೆದು ಗಡ್ಡೆ ಕಟ್ಟಲು ಅದಕ್ಕೆ ಎರಡು ಸೂಚನೆಗಳು ಬೇಕು. ಮೊದಲು ಒಂದಷ್ಟು ಕಾಲದ ತಂಪು, ಆಮೇಲೆ ಹಗಲು ಉದ್ದವಾಗಿ ಬಿಸಿಲು ಏರುವುದು. ಹೂದಂಟು ಬಿಡುವ ತಳಿಗಳು, ಅಂದರೆ ಬೀಜದ ವ್ಯಾಪಾರದಲ್ಲಿ ಎಲ್ಲರೂ ಹಾರ್ಡ್‌ನೆಕ್ ಎನ್ನುವವು, ಈ ವಿಷಯದಲ್ಲಿ ಬಹಳ ಹಟಮಾರಿಗಳು. ಆರರಿಂದ ಎಂಟು ವಾರಗಳಾದರೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸಿಗದಿದ್ದರೆ ಅವುಗಳಲ್ಲಿ ಹೆಚ್ಚಿನವು ಎಸಳು ಒಡೆಯುವುದೇ ಇಲ್ಲ. ಅಗೆದಾಗ ಸಿಗುವುದು ಸಣ್ಣ ಈರುಳ್ಳಿಯಂತೆ ಕಾಣುವ ಒಂಟಿ ಗಡ್ಡೆ. ಅದನ್ನು ತಿನ್ನಬಹುದು, ಮತ್ತೆ ಊರಲೂಬಹುದು. ಆದರೆ ತಿಂಗಳುಗಟ್ಟಲೆ ನೀರೆರೆದವರಿಗೆ ಅದು ಸಮಾಧಾನದ ಮಾತಾಗುವುದಿಲ್ಲ.

ಹಗಲಿನ ಉದ್ದದ ಲೆಕ್ಕವೂ ಇಷ್ಟೇ ಮುಖ್ಯ. ಸಮಭಾಜಕ ವೃತ್ತದ ಹತ್ತಿರದಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ. ಸುಮಾರು 13-14 ಗಂಟೆಯ ಹಗಲಿಗಾಗಿ ಕಾಯುವ ತಳಿಯನ್ನು ಅಲ್ಲಿ ಊರಿದರೆ ಅದು ಕಾಯುತ್ತಲೇ ಇರುತ್ತದೆ. ಎಲೆ ಸೊಂಪಾಗಿ ಬರುತ್ತದೆ, ಬುಡ ಮಾತ್ರ ಎಳೆಯ ಈರುಳ್ಳಿಯಂತೆ ನೀಳವಾಗಿಯೇ ಉಳಿಯುತ್ತದೆ. ತಿರುಗಾಮುರುಗಾ ಆದರೂ ತೊಂದರೆಯೇ: ಕಡಿಮೆ ಹಗಲಿಗೆ ಒಗ್ಗಿದ ತಳಿಯನ್ನು ದೂರದ ಉತ್ತರಕ್ಕೋ ದಕ್ಷಿಣಕ್ಕೋ ಒಯ್ದರೆ ಎಲೆ ಬೆಳೆಯುವ ಮೊದಲೇ ಗಡ್ಡೆ ಕಟ್ಟಲು ಶುರುಮಾಡಿ ಗೋಲಿಗಾತ್ರಕ್ಕೆ ನಿಲ್ಲುತ್ತದೆ. ನಮ್ಮ ಪಟ್ಟಿಯಲ್ಲೇ ನೋಡಿ, ಯಮುನಾ ಸಫೇದ್ ಕಡಿಮೆ ಹಗಲಿನ ಬಯಲಿಗೆ ಹೊಂದುವ ತಳಿ, ಅಗ್ರಿಫೌಂಡ್ ಪಾರ್ವತಿ ಉದ್ದ ಹಗಲಿನ ಎತ್ತರದ ಗುಡ್ಡಗಳಿಗೆ. ಪಾರ್ವತಿಯ ಎಸಳು ದಪ್ಪ ಎಂಬ ಒಂದೇ ಕಾರಣಕ್ಕೆ ಬೆಚ್ಚಗಿನ ಬಯಲಿನವರು ಅದನ್ನು ಕೇಳಿದರೆ, ಈ ವರ್ಷದಿಂದ ನಾವು ಕಳುಹಿಸುವ ಮುನ್ನ ಒಮ್ಮೆ ಕರೆ ಮಾಡಿ ಮಾತಾಡುತ್ತೇವೆ. ದಯವಿಟ್ಟು ತಪ್ಪು ತಿಳಿಯಬೇಡಿ.

ಬೆಚ್ಚಗಿನ ಕಡೆಯವರು ಊರುವ ಮೊದಲು ಗಡ್ಡೆಯನ್ನು ಕೆಲವು ವಾರ ಫ್ರಿಜ್‌ನಲ್ಲಿಟ್ಟು ತಂಪು ಕೊಡುವುದುಂಟು. ಅದು ಕೆಲಸ ಮಾಡುತ್ತದೆ, ಆದರೆ ಕೈಮೀರಿದರೆ ಬೇರೆ ಪೇಚು. ಹೆಚ್ಚು ಕಾಲ ತಂಪಿನಲ್ಲಿದ್ದ ಎಸಳು ಮಣ್ಣಿಗಿಳಿದ ಮೇಲೆ ಪಕ್ಕ ಪಕ್ಕದಲ್ಲೂ ಚಿಗುರೊಡೆದು ಗಡ್ಡೆಯ ಆಕಾರ ಕೆಡುತ್ತದೆ. ಫ್ರಿಜ್‌ನಿಂದ ತೆಗೆದದ್ದನ್ನು ಕೂಡಲೇ ಊರಬೇಕು. ಮತ್ತೆ ಕಪಾಟಿಗೆ ಸೇರಿಸಿದರೆ ಮೊಳಕೆ ಬಂದೇಬಿಡುತ್ತದೆ. ಇಷ್ಟೆಲ್ಲ ಉಸಾಬರಿ ಬೇಡವೆನ್ನುವವರಿಗೆ ಕ್ರಿಯೋಲ್ ಗುಂಪು ಅಥವಾ ಕಡಿಮೆ ಹಗಲಿನ ಬಿಳಿ ತಳಿಗಳು ಸಾಕು.

ಎರಡನೆಯ ಪ್ರಶ್ನೆ: ಗಡ್ಡೆ ಎಷ್ಟು ತಿಂಗಳು ಉಳಿಯಬೇಕು?

ಇಲ್ಲಿ ತಳಿ ತಳಿಗೂ ದೊಡ್ಡ ಅಂತರವಿದೆ. ಸಿಪ್ಪೆ ಸುಲಭವಾಗಿ ಬಿಡುವ, ರುಚಿಗೆ ಹೆಸರಾದ ರೋಕಾಂಬೋಲ್ ಗುಂಪು ನಾಲ್ಕರಿಂದ ಆರು ತಿಂಗಳಲ್ಲಿ ಒಣಗಿ ಹಗುರವಾಗುತ್ತದೆ, ಇಲ್ಲವೇ ಚಿಗುರುತ್ತದೆ. ಟರ್ಬನ್ ಅದಕ್ಕಿಂತಲೂ ಬೇಗ ಕೈಕೊಡುವುದುಂಟು. ಪೋರ್ಸಲೇನ್ ಇವೆರಡಕ್ಕಿಂತ ಮೇಲು, ಆರ್ಟಿಚೋಕ್ ಎಂಟು-ಒಂಬತ್ತು ತಿಂಗಳು ಬರಬಹುದು. ಸಿಲ್ವರ್‌ಸ್ಕಿನ್ ಚೆನ್ನಾಗಿ ಒಣಗಿಸಿ ಗಾಳಿಯಾಡುವಲ್ಲಿ ತೂಗಿಟ್ಟರೆ ಹತ್ತು ತಿಂಗಳು, ಒಮ್ಮೊಮ್ಮೆ ಮುಂದಿನ ಬೆಳೆಯವರೆಗೂ ನಿಲ್ಲುತ್ತದೆ. ಜಡೆ ಹೆಣೆಯಲು ಬರುವುದೂ ಮೆದು ಕತ್ತಿನ, ಅಂದರೆ ಸಾಫ್ಟ್‌ನೆಕ್ ಎನ್ನುವ, ಆರ್ಟಿಚೋಕ್ ಮತ್ತು ಸಿಲ್ವರ್‌ಸ್ಕಿನ್ ಗುಂಪುಗಳೇ. ಹಾರ್ಡ್‌ನೆಕ್‌ನ ನಡುವೆ ಬೆರಳಿನಂತೆ ನಿಲ್ಲುವ ಗಟ್ಟಿ ದಂಟು ಜಡೆಗೆ ಬಾಗುವುದಿಲ್ಲ.

ಒಂದು ಗಡ್ಡೆಯನ್ನು ಅಡ್ಡಡ್ಡ ಕೊಯ್ದು ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಹಾರ್ಡ್‌ನೆಕ್‌ನಲ್ಲಿ ಮಧ್ಯದ ದಂಟಿನ ಸುತ್ತ ಎಸಳುಗಳು ಒಂದೇ ಸುತ್ತಿನಲ್ಲಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕುಳಿತಿರುತ್ತವೆ. ಸಾಫ್ಟ್‌ನೆಕ್‌ನಲ್ಲಿ ನಡುವೆ ದಂಟಿಲ್ಲ. ಹೊರಸುತ್ತಿನಲ್ಲಿ ದಪ್ಪ ಎಸಳು, ಒಳಗೆ ಹೋದಂತೆ ತೆಳುವಾಗುತ್ತಾ, ಕೊನೆಗೆ ಸುಲಿಯಲು ತಾಳ್ಮೆ ಬೇಡುವ ಚೂರುಗಳು. ಒಂದರಲ್ಲಿ ಕೆಲಸ ಸುಲಭ, ಇನ್ನೊಂದರಲ್ಲಿ ಬಾಳಿಕೆ ಹೆಚ್ಚು. ಚಳಿಗಾಲ ಸಾಕಷ್ಟಿರುವ ಕಡೆ ಜಾಗವಿದ್ದರೆ ಎರಡನ್ನೂ ಬೆಳೆಯಿರಿ. ಮೊದಲು ಹಾರ್ಡ್‌ನೆಕ್ ತಿಂದು ಮುಗಿಸಿ, ಆಮೇಲೆ ಸಾಫ್ಟ್‌ನೆಕ್‌ಗೆ ಕೈಹಾಕಿ. ಜಾಗ ಒಂದೇ ಪಾತಿಯಷ್ಟಾದರೆ, ಇದೇ ಮೊದಲ ಬಾರಿಯಾದರೆ, ಆರ್ಟಿಚೋಕ್ ಗುಂಪಿನ ಇಂಚೀಲಿಯಮ್ ರೆಡ್‌ನಂಥದ್ದು ಸಾಕು. ಅದು ಅನೇಕ ಹವೆಗಳಿಗೆ ಒಗ್ಗುತ್ತದೆ, ಸಣ್ಣಪುಟ್ಟ ಅಲಕ್ಷ್ಯವನ್ನೂ ಸಹಿಸುತ್ತದೆ.

ಹಾರ್ಡ್‌ನೆಕ್ ಬೆಳೆಯುವವರಿಗೆ ಒಂದು ಹೆಚ್ಚುವರಿ ಕೆಲಸವಿದೆ. ಹೂದಂಟು ಮೇಲೆದ್ದು ಸುರುಳಿಯಾದಾಗ ಅದನ್ನು ಮುರಿದು ತೆಗೆಯಬೇಕು. ಬಿಟ್ಟರೆ ಗಿಡದ ಶಕ್ತಿಯೆಲ್ಲ ತುದಿಯ ಮರಿಗಡ್ಡೆಗಳಿಗೆ ಹೋಗಿ ಕೆಳಗಿನ ಗಡ್ಡೆ ಸಣ್ಣದಾಗುತ್ತದೆ. ಮುರಿದ ಎಳೆ ದಂಟು ತಿನ್ನಲು ಸೊಗಸಾಗಿರುತ್ತದೆ. ಕುತೂಹಲವಿರುವವರು ಒಂದೆರಡು ಗಿಡದಲ್ಲಿ ಮಾತ್ರ ಬಿಟ್ಟು, ಮರಿಗಡ್ಡೆಗಳನ್ನು ಊರಿ ನೋಡಿ. ಪೂರ್ಣ ಗಾತ್ರಕ್ಕೆ ಬರಲು ಎರಡು-ಮೂರು ವರ್ಷ ಬೇಕು, ಆದರೆ ಮಣ್ಣಿನಿಂದ ಅಂಟುವ ರೋಗಗಳು ಅದರಲ್ಲಿ ಕಡಿಮೆ.

ಪಟ್ಟಿಯಲ್ಲಿ ಹೆಸರುಗಳು ಏಕೆ ಕಡಿಮೆಯಾದವು ಎಂದು ಹಳೆಯ ಗ್ರಾಹಕರು ಕೇಳುವುದು ಖಂಡಿತ. ಬೆಳ್ಳುಳ್ಳಿ ಸಾಮಾನ್ಯ ಬೇಸಾಯದಲ್ಲಿ ಬೀಜ ಕಟ್ಟುವುದಿಲ್ಲ, ಎಸಳಿನಿಂದ ಎಸಳಿಗೆ ಅದೇ ಗಿಡ ಮುಂದುವರಿಯುತ್ತದೆ. ಆದರೆ ಮಣ್ಣು, ನೀರು, ಎತ್ತರ ಬದಲಾದಂತೆ ಅದರ ಬಣ್ಣ ಮತ್ತು ಗಾತ್ರ ಬದಲಾಗುತ್ತವೆ. ಹೊಸ ಜಾಗಕ್ಕೆ ಬಂದಲ್ಲೆಲ್ಲ ಯಾರೋ ಒಂದು ಹೊಸ ಹೆಸರಿಡುತ್ತಾರೆ. ಅಮೆರಿಕದಲ್ಲಿ 211 ಮಾದರಿಗಳ ಡಿಎನ್‌ಎ ಹೋಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಬೇರೆ ಹೆಸರು ಹೊತ್ತ ಬಹಳಷ್ಟು ಮಾದರಿಗಳು ಒಂದೇ ಎಂದು ತಿಳಿದುಬಂತು. ನಮ್ಮ ಹೊಲದಲ್ಲಿ ಅಕ್ಕಪಕ್ಕ ಬೆಳೆದು ವ್ಯತ್ಯಾಸ ಕಾಣದ ತಳಿಗಳನ್ನು ಈಗ ಒಂದೇ ಹೆಸರಿನಡಿ ತಂದಿದ್ದೇವೆ. ಚೀಟಿಯ ಮೇಲೆ ತಳಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಗುಂಪಿನ ಹೆಸರು ಇರುವುದೂ ಇದೇ ಕಾರಣಕ್ಕೆ. ಪೋರ್ಸಲೇನ್, ಕ್ರಿಯೋಲ್, ಆರ್ಟಿಚೋಕ್ ಎಂಬುದು ತಿಳಿದರೆ ಗಿಡದ ಮುಕ್ಕಾಲು ಸ್ವಭಾವ ತಿಳಿದಂತೆ.

ಆನೆ ಬೆಳ್ಳುಳ್ಳಿಯನ್ನು ಈ ಪಟ್ಟಿಯಿಂದ ತೆಗೆದು, ಈರುಳ್ಳಿ ಜಾತಿಯ ತರಕಾರಿಯಾದ ಲೀಕ್ ಇರುವ ಪುಟಕ್ಕೆ ಸೇರಿಸಿದ್ದೇವೆ. ಗಾತ್ರ ನೋಡಿ ಮರುಳಾಗುವವರು ಬಹಳ, ಆದರೆ ಅದು ಲೀಕ್‌ನ ಹತ್ತಿರದ ನೆಂಟ, ಘಾಟು ಕಡಿಮೆ. ಬೇಕಾದವರು ಧಾರಾಳವಾಗಿ ತರಿಸಿಕೊಳ್ಳಿ, ಬೆಳ್ಳುಳ್ಳಿಯ ಖಾರವನ್ನು ಮಾತ್ರ ಅದರಿಂದ ನಿರೀಕ್ಷಿಸಬೇಡಿ.

ಅಡುಗೆಗೆಂದು ತಂದ ಬೆಳ್ಳುಳ್ಳಿಯನ್ನೇ ಊರಿದರೆ ಆಗದೇ ಎಂಬ ಪ್ರಶ್ನೆ ನಮಗೆ ಪದೇ ಪದೇ ಬರುತ್ತದೆ. ಬಿತ್ತನೆ ಗಡ್ಡೆ ಮಾರುವ ನಾವು ಇದಕ್ಕೆ ಉತ್ತರಿಸಿದರೆ ಸ್ವಾರ್ಥದ ಮಾತೆನಿಸಬಹುದು, ಆದರೂ ಹೇಳುತ್ತೇವೆ. ಆಗಬಹುದು, ಅನೇಕ ಬಾರಿ ಆಗುತ್ತದೆ ಕೂಡ. ಆದರೆ ಅದು ಯಾವ ಹವೆಗೆ ಒಗ್ಗಿದ ತಳಿಯೆಂದು ತಿಳಿಯುವುದಿಲ್ಲ, ಮೊಳಕೆ ತಡೆಯಲು ಅದನ್ನು ವಿಕಿರಣಕ್ಕೆ ಒಡ್ಡಿರಲೂಬಹುದು. ನಮಗೆ ಹೆಚ್ಚು ಚಿಂತೆ ರೋಗದ್ದು. ಬಿಳಿ ಕೊಳೆ ರೋಗದ ಶಿಲೀಂಧ್ರ ಒಮ್ಮೆ ಮಣ್ಣಿಗಿಳಿದರೆ ಅದರ ಸಾಸಿವೆಗಿಂತ ಚಿಕ್ಕದಾದ ಕಪ್ಪು ಕಾಳುಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜೀವಂತವಾಗಿ ಬಿದ್ದಿರಬಲ್ಲವು. ಆ ಜಾಗದಲ್ಲಿ ಆಮೇಲೆ ಈರುಳ್ಳಿ, ಲೀಕ್ ಬೆಳೆಯುವುದೂ ಕಷ್ಟ. ಕಾಂಡ ಮತ್ತು ಗಡ್ಡೆಯ ದುಂಡುಹುಳು ಬರುವುದೂ ಗಡ್ಡೆಯ ಜೊತೆಯಲ್ಲೇ. ಕುಂಡದಲ್ಲಿ ಬೆಳೆಯುವವರು ಪ್ರಯೋಗ ಮಾಡಿ ನೋಡಲಿ, ನೆಲದಲ್ಲಿ ಬೆಳೆಯುವವರು ಎರಡು ಸಲ ಯೋಚಿಸಲಿ. ನಮ್ಮಿಂದ ಬಂದ ಗಡ್ಡೆಯಲ್ಲೂ ಬುಡದಲ್ಲಿ ಬಿಳಿ ಹತ್ತಿಯಂಥ ಬೂಷ್ಟು ಕಂಡರೆ ಊರಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಫೋಟೊ ತೆಗೆದು ಕಳುಹಿಸಿ, ಬದಲಿ ಕೊಡುತ್ತೇವೆ.

ಚೀಲ ಕೈಸೇರಿದ ಮೇಲೆ ಗಡ್ಡೆಯನ್ನು ಒಡೆಯದೆ ಇಡಿಯಾಗಿಯೇ ಒಣಗಿದ, ನೆರಳಿನ ಜಾಗದಲ್ಲಿಡಿ. ಊರುವ ಹಿಂದಿನ ದಿನವೋ ಅದೇ ದಿನವೋ ಎಸಳು ಬಿಡಿಸಿದರೆ ಸಾಕು. ಚೂಪು ತುದಿ ಮೇಲೆ, ಬೇರಿನ ಚಪ್ಪಟೆ ಬುಡ ಕೆಳಗೆ. ಕೆಳಗಿನ ಮೂರರಲ್ಲಿ ಒಂದು ಪಾಲು ಎಲೆಗಳು ಒಣಗಿದಾಗ ಒಂದು ಗಡ್ಡೆ ಅಗೆದು ನೋಡಿ. ಮೇಲೆ ಉಳಿದ ಒಂದೊಂದು ಹಸಿರು ಎಲೆಯೂ ಗಡ್ಡೆಯ ಒಂದೊಂದು ಪದರ ಸಿಪ್ಪೆ, ಎಲ್ಲ ಎಲೆ ಒಣಗುವವರೆಗೆ ಕಾದರೆ ಗಡ್ಡೆಗೆ ಹೊದಿಕೆ ಉಳಿಯುವುದಿಲ್ಲ. ಬೇರೆ ಬೇರೆ ತಳಿಯ ಸಾಲುಗಳಿಗೆ ಚೀಟಿ ನೆಡುವುದನ್ನು ಮರೆಯಬೇಡಿ. ಶಾಯಿ ಮಳೆಗೆ ಅಳಿಸುತ್ತದೆ, ಪೆನ್ಸಿಲ್ ಉಳಿಯುತ್ತದೆ.

ಪ್ರತಿವರ್ಷ ತಾನಾಗಿಯೇ ಮಿಶ್ರ ಚೀಲ ಬರಲಿ ಎಂದು ಹೆಸರು ನೋಂದಾಯಿಸಿದವರಿಗೆ ಈ ಪತ್ರದ ಜೊತೆ ಹೊಸ ಬೇಡಿಕೆ ಪತ್ರ ಇಟ್ಟಿದ್ದೇವೆ. ಈಗಾಗಲೇ ಕಟ್ಟಿದ ಹಣ ನಿಮ್ಮ ಹೆಸರಿನಲ್ಲೇ ಇರುತ್ತದೆ. ತಳಿ ಆರಿಸಲು ಮನಸ್ಸಿಲ್ಲದಿದ್ದರೆ ಎರಡು ಪ್ರಶ್ನೆಗಳಿಗಷ್ಟೇ ಉತ್ತರ ಬರೆದು ‘ನೀವೇ ಆರಿಸಿ’ ಎಂಬ ಚೌಕಕ್ಕೆ ಗುರುತು ಹಾಕಿ. ಮೊದಲ ಬಾರಿ ಬೆಳೆಯುವವರಿಗೆ ಎರಡಕ್ಕಿಂತ ಹೆಚ್ಚು ತಳಿ ಕೊಡುವುದಿಲ್ಲ, ಇದರಲ್ಲಿ ಚೌಕಾಸಿಯಿಲ್ಲ. ಚಳಿಯ ಲೆಕ್ಕ ಡಿಗ್ರಿಯಲ್ಲಿ ತಿಳಿಯದಿದ್ದರೆ ‘ಬೆಳಗ್ಗೆ ಹೊದಿಕೆ ಬೇಕಾಗುತ್ತದೆ, ಮಧ್ಯಾಹ್ನ ಬೇಡ’ ಎಂದು ಬರೆದರೂ ನಮಗೆ ಅರ್ಥವಾಗುತ್ತದೆ. ಪತ್ರ ಬಂದ ಕ್ರಮದಲ್ಲೇ ಗಡ್ಡೆ ಕಟ್ಟುತ್ತೇವೆ, ಕ್ರಿಯೋಲ್ ದಾಸ್ತಾನು ಈ ಸಲ ಕಡಿಮೆಯಿದೆ.

ವಂದನೆಗಳೊಂದಿಗೆ,
ಬಿತ್ತನೆ ಗಡ್ಡೆ ವಿಭಾಗ