ಹತ್ತರ ನಾಣ್ಯ ಯಾಕೆ ಬೇಡ?

ಮಾನ್ಯ ಸಂಪಾದಕರೇ,

ಗದಗ ಪೇಟೆಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಕೆಲವು ಅಂಗಡಿಯವರು ಈಗಲೂ ಮುಖ ಸಿಂಡರಿಸುತ್ತಾರೆ. 'ಇದು ನಡ್ಯಾಂಗಿಲ್ರಿ, ನೋಟು ಕೊಡ್ರಿ' ಎನ್ನುತ್ತಾರೆ. ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ ಎಂಬ ಗಾಳಿಸುದ್ದಿ ಬೇರೆ. ಎಲ್ಲ 14 ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ಹಣ ನಡೆಯುವುದೇ ನಂಬಿಕೆಯ ಮೇಲೆ, ಅಲ್ವಾ? ನಮ್ಮ ಹಳ್ಳಿಗಳಲ್ಲಿ ಬಡಿಗೇರರು, ಕಮ್ಮಾರರು ವರ್ಷವಿಡೀ ಕೆಲಸ ಮಾಡಿ ಸುಗ್ಗಿಯಲ್ಲಿ ಜೋಳದ ಆಯ, ಅಂದರೆ ತಮ್ಮ ಪಾಲು, ಪಡೆಯುತ್ತಿದ್ದರು. ನಾಣ್ಯ ಇರಲಿಲ್ಲ, ಲೆಕ್ಕ ಇತ್ತು. ಮೊದಲು ವಸ್ತು ವಿನಿಮಯ, ಆಮೇಲೆ ನಾಣ್ಯ ಎಂಬ ಶಾಲೆಯ ಪಾಠ ಅಷ್ಟು ಸರಳವಲ್ಲ. ಪ್ರಾಚೀನ ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್ ಕಡೆ) ಸಾಲವನ್ನು ಬಾರ್ಲಿ, ಬೆಳ್ಳಿಯ ಲೆಕ್ಕದಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದಿಡುತ್ತಿದ್ದರು. ಮೊದಮೊದಲ ನಾಣ್ಯಗಳೆನ್ನುವ ಲಿಡಿಯಾದ (ಈಗಿನ ಟರ್ಕಿ ಕಡೆ) ನಾಣ್ಯಗಳು ಬಂದದ್ದು ಎಷ್ಟೋ ಶತಮಾನಗಳ ಬಳಿಕ.

ಪಕ್ಕದ ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲಕ್ಕೆ ನಾಣ್ಯ ಅಚ್ಚು ಹಾಕುವ ಟಂಕಸಾಲೆಯೇ ಇತ್ತು. ಅಲ್ಲಿನ ಗದ್ಯಾಣ ಎಂಬ ನಾಣ್ಯಕ್ಕೆ ಅದರಲ್ಲಿದ್ದ ಚಿನ್ನದ ಬೆಲೆ. ಇಂದಿನ ನಾಣ್ಯಕ್ಕೆ ಸರ್ಕಾರದ ಮುದ್ರೆಯೇ ಬೆಲೆ. ಅದನ್ನೇ ಒಲ್ಲೆ ಅಂದರೆ ಹೇಗೆ? 2011ರ ನಾಣ್ಯ ಕಾಯ್ದೆಯಂತೆ 1,000 ರೂಪಾಯಿವರೆಗಿನ ಪಾವತಿಗೆ ಈ ನಾಣ್ಯ ಮಾನ್ಯ.

ಜಿಲ್ಲಾಡಳಿತ ಮಾರುಕಟ್ಟೆ, ಬಸ್ ನಿಲ್ದಾಣಗಳಲ್ಲಿ ಈ ಬಗ್ಗೆ ಫಲಕ ಹಾಕಿಸಲಿ. ಬ್ಯಾಂಕಿನವರೂ ವ್ಯಾಪಾರಿಗಳು ತಂದ ನಾಣ್ಯವನ್ನು ಗೊಣಗದೆ ಜಮಾ ಮಾಡಿಕೊಳ್ಳಲಿ.

– ಓದುಗ, ಬೆಟಗೇರಿ, ಗದಗ