ಸುಮಾಗೆ ಒಂದು ಕಾಗದ: ಮೊದಲು ಅವ್ವನ ಮಂಡಿ, ಆಮೇಲೆ ಸಮುದ್ರ

ತಿಪಟೂರು

ಪ್ರೀತಿಯ ಸುಮಾ,

ನಿನ್ನೆ ನಿಮ್ಮಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಡಿಸೆಂಬರ್‌ನಲ್ಲಿ ಅವ್ವನನ್ನು ಉಡುಪಿಗೆ ಕರೆದುಕೊಂಡು ಹೋಗುತ್ತೀರಂತೆ, ಮಲ್ಪೆಯಲ್ಲಿ ಸಮುದ್ರ ತೋರಿಸುತ್ತೀರಂತೆ. ಕೇಳಿ ಕಣ್ಣು ತುಂಬಿ ಬಂತು ಕಣೇ. ಅವ್ವನಿಗೆ 78 ಆಯಿತು. ಊರ ಕೆರೆ ಕೋಡಿ ಬಿದ್ದಾಗ ನೋಡಿದ್ದೇ ಅವಳ ಪಾಲಿಗೆ ದೊಡ್ಡ ನೀರು. ನಾನೂ ಬರಬೇಕಿತ್ತು. ತೋಟದಲ್ಲಿ ಕಾಯಿ ಕೀಳಿಸುವ ಹೊತ್ತು, ಬಿಟ್ಟು ಬರುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ರೂಮಿನ ಫೋಟೋ ನೋಡಿದೆ. ಬಾಲ್ಕನಿ, ಅದರಾಚೆ ನೀಲಿ ನೀರು. ಚೆನ್ನಾಗಿದೆ. ಆದರೆ ಅಡ್ವಾನ್ಸ್ ಕಟ್ಟುವ ಮುಂಚೆ ಈ ಕಾಗದ ಪೂರ್ತಿ ಓದು.

ಹತ್ತು ವರ್ಷದ ಹಿಂದೆ ನಾನೂ ಇಂಥದೇ ಫೋಟೋ ನೋಡಿ ರೂಮು ಹಿಡಿದಿದ್ದೆ. ಊರು ಬೇರೆ, ಕರಾವಳಿಯದೇ. ನಮ್ಮತ್ತೆಯವರು ಜೊತೆಗಿದ್ದರು. ಹೋಗಿ ನೋಡಿದರೆ ರೂಮು ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ. ನಾಳೆ ಸರಿಹೋಗುತ್ತದೆ ಅಂದರು. ಹೋಗಲಿಲ್ಲ. ನಿಮ್ಮ ದೊಡ್ಡಪ್ಪನೂ ನಾನೂ ಆಚೆ ಈಚೆ ಹಿಡಿದು ಹತ್ತಿಸಿದೆವು. ಮೇಲೆ ಹೋದ ಮೇಲೆ ಮಂಡಿ ಊದಿಕೊಂಡಿತು, ಎರಡು ದಿನ ಅವರು ಮಂಚ ಬಿಟ್ಟು ಏಳಲಿಲ್ಲ. ಬಾಲ್ಕನಿಯಲ್ಲಿ ಕೂರಿಸಿದರೆ ತೆಂಗಿನ ಗರಿಗಳ ಸಂದಿಯಲ್ಲಿ ಗೇಣಗಲ ನೀರು ಕಾಣುತ್ತಿತ್ತು, ಅಷ್ಟೇ. ಮೂರನೇ ದಿನ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದವರು ನೇರ ಕಾರಿಗೇ ಹತ್ತಿಸಿದೆವು. ವಾಪಸ್ ಬರುವಾಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ತೆಂಗಿನ ಮರ ನಮ್ಮ ತೋಟದಲ್ಲೇ ಇದ್ದವಲ್ಲೇ." ಮುಂದೆ ಎರಡು ವರ್ಷಕ್ಕೆ ಹೋಗಿಬಿಟ್ಟರು. ಇನ್ನೊಂದು ಸಲ ಕರೆದುಕೊಂಡು ಹೋಗಲು ಆಗಲೇ ಇಲ್ಲ.

ಹಾಗಾಗಿ ಸುಮಾ, ಈ ಸಲ ರೂಮನ್ನು ಸಮುದ್ರ ನೋಡಿ ಆರಿಸಬೇಡ, ಅವ್ವನ ಮಂಡಿ ನೋಡಿ ಆರಿಸು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್ ಅಷ್ಟೇ. ಆಟೋ ಇದೆ, ಸಿಟಿ ಬಸ್ ಇದೆ, ನಿಮ್ಮದೇ ಕಾರೂ ಇರುತ್ತದೆ.

ನನ್ನ ಕೇಳಿದರೆ ಉಡುಪಿ ಊರಲ್ಲೇ ಉಳಿಯಿರಿ. ಮಠಕ್ಕೆ ಹತ್ತಿರ, ಊಟಕ್ಕೆ ಅಲೆಯಬೇಕಿಲ್ಲ, ಅವ್ವನಿಗೆ ರಾತ್ರಿ ಏನಾದರೂ ಆದರೆ ಮಣಿಪಾಲದ ದೊಡ್ಡ ಆಸ್ಪತ್ರೆ ಪಕ್ಕದಲ್ಲೇ. ಇನ್ನೊಂದು ಮಾತು. ಮಲ್ಪೆ ಅಂದರೆ ಬರೀ ಬೀಚು ಅಲ್ಲ, ದೊಡ್ಡ ಮೀನುಗಾರಿಕೆ ಬಂದರು ಕೂಡ. ಅಲ್ಲಿಯವರಿಗೆ ಅದೇ ಅನ್ನ. ಆದರೆ ಅವ್ವನಿಗೆ ಮೀನಿನ ವಾಸನೆ ಅಭ್ಯಾಸವಿಲ್ಲ, ಊಟ ಬಿಟ್ಟುಬಿಡುತ್ತಾಳೆ. ಅಲ್ಲೇ ಉಳಿಯಬೇಕು ಅಂತಿದ್ದರೆ ಬಂದರಿಗೆ ಎಷ್ಟು ದೂರ ಅಂತ ಮ್ಯಾಪಿನಲ್ಲಿ ನೋಡಿಕೋ.

ಆ್ಯಪಿನಲ್ಲಿ ಬುಕ್ ಮಾಡು, ಬೇಡ ಅನ್ನುವುದಿಲ್ಲ. ಆದರೆ ಒಂದು ಸಲ ಲಾಡ್ಜಿಗೇ ಫೋನ್ ಮಾಡು. "ಹಿರಿಯರಿಗೆ ಅನುಕೂಲ ಇದೆಯಾ" ಅಂತ ಕೇಳಬೇಡ. ಹಾಗೆ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಕಾರು ಎಲ್ಲಿಯ ತನಕ ಬರುತ್ತದೆ, ಅಲ್ಲಿಂದ ಮಂಚದ ತನಕ ಎಷ್ಟು ಮೆಟ್ಟಿಲು ಅಂತ ಕೇಳು. ಕೆಳಗಿನ ರೂಮು ಸಿಗುತ್ತದಾ? ಲಿಫ್ಟು ಕರೆಂಟ್ ಹೋದಾಗಲೂ ಓಡುತ್ತದಾ? ಕೂರುವ ಕಮೋಡ್ ಇದೆಯಾ? ಬಿಸಿನೀರು ದಿನವಿಡೀ ಬರುತ್ತದಾ, ಬೆಳಿಗ್ಗೆ ಎರಡು ಗಂಟೆ ಮಾತ್ರವಾ? ಮಂಚದಿಂದ ಬಚ್ಚಲಿನವರೆಗೆ ಒಂದು ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿ ಅಂತ ಕೇಳು, ಸಂಕೋಚ ಬೇಡ. ಬಚ್ಚಲ ಹೊಸ್ತಿಲು ಎತ್ತರ ಇದೆಯಾ, ನೆಲದ ಕಲ್ಲು ನುಣುಪಾಗಿದೆಯಾ ಅದರಲ್ಲಿ ಗೊತ್ತಾಗುತ್ತದೆ. ವಯಸ್ಸಾದವರು ಬೀಳುವುದು ಜಾಸ್ತಿ ಬಚ್ಚಲಲ್ಲೇ. ಲಾಡ್ಜಿನವರು ಹಾಕಿದ ಫೋಟೋಗಿಂತ ಉಳಿದು ಹೋದವರು ಹಾಕಿದ ಫೋಟೋ ನಂಬು, ಅದೂ ಈಚಿನದು. ದುಡ್ಡು ವಾಪಸ್ ಕೊಡುವ ನಿಯಮ ಏನು ಅಂತ ಬರಹದಲ್ಲಿ ತರಿಸಿಕೋ, ಅವ್ವನ ಆರೋಗ್ಯ ಹೇಗಿರುತ್ತದೋ. ದೊಡ್ಡವರೆಲ್ಲರ ಆಧಾರ್ ಕಾರ್ಡೂ ಜೊತೆಗಿರಲಿ.

ದಿನದ ವಿಷಯ. ಡಿಸೆಂಬರ್ ಕೊನೇ ವಾರ ಬೇಡವೇ ಬೇಡ. ಕ್ರಿಸ್ಮಸ್ ರಜ, ಹೊಸ ವರ್ಷ ಎಲ್ಲಾ ಸೇರಿ ರೂಮಿನ ರೇಟು ಏರುತ್ತದೆ, ಬೀಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನವರಿಗೆ ಮುಂದೂಡಿದರೆ ಸಂಕ್ರಾಂತಿ ಹೊತ್ತಿಗೆ ಮಠದಲ್ಲಿ ಸಪ್ತೋತ್ಸವ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ದಿನ. ನೋಡಲು ಭಾಗ್ಯ ಬೇಕು, ನಿಜ. ಆದರೆ ಆ ಜನಜಂಗುಳಿಯಲ್ಲಿ ಅವ್ವನನ್ನೂ ಪುಟ್ಟನನ್ನೂ ಹಿಡಿದುಕೊಂಡು ಹೋಗಲು ಆಗುವುದಿಲ್ಲ. ಡಿಸೆಂಬರ್ ಮೊದಲ ಅಥವಾ ಎರಡನೇ ವಾರ, ಸೋಮವಾರದಿಂದ ಗುರುವಾರದ ಒಳಗೆ ಹೋಗಿ. ಪುಟ್ಟನಿಗೆ ಇನ್ನೂ ನಾಲ್ಕು ವರ್ಷ, ಸ್ಕೂಲು ಎರಡು ದಿನ ತಪ್ಪಿದರೆ ಏನಾಗುತ್ತದೆ?

ದಾರಿ. ಅಳಿಯಂದ್ರು ಆಗುಂಬೆ ಮೇಲೆ ಹೋಗೋಣ ಅಂದರಂತೆ. ಕಾಡು ಚೆಂದ, ಆದರೆ ಘಾಟಿಯಲ್ಲಿ 14 ತಿರುವು, ಅವ್ವನಿಗೆ ವಾಂತಿ ಆಗುತ್ತದೆ. ಅರಸೀಕೆರೆ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಈ ದಾರಿಯೇ ಇರಲಿ. ಮಳೆಗಾಲದಲ್ಲಾದರೆ ಅಲ್ಲಿ ಗುಡ್ಡ ಕುಸಿಯುವ ಭಯ, ಡಿಸೆಂಬರ್‌ನಲ್ಲಿ ಅದಿಲ್ಲ. ಬೆಳಕಿರುವಾಗಲೇ ಘಾಟಿ ಇಳಿಯಿರಿ. ನಿಮ್ಮಮ್ಮ ರೈಲಿನ ಮಾತೂ ತೆಗೆದಳು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ರಾತ್ರಿ ಹಾಸನದ ಮೇಲೆ ಹೋಗಿ ಬೆಳಗಿನ ಜಾವ ಉಡುಪಿ ಮುಟ್ಟುತ್ತದೆ. ಮಲಗಿಕೊಂಡು ಹೋಗಬಹುದು, ಅದು ಸರಿ. ಆದರೆ ಕತ್ತಲಲ್ಲಿ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ, ರೂಮು ಕೊಡುವುದು ಮಧ್ಯಾಹ್ನ 12ಕ್ಕೆ ಅಂದರೆ ಅವ್ವ ಎಲ್ಲಿ ಕೂರಬೇಕು? ರೈಲಿಗೆ ಹೋಗುವುದಾದರೆ 24 ಗಂಟೆ ಲೆಕ್ಕದ ರೂಮು ಹುಡುಕು, ಇಲ್ಲವೇ ಹಿಂದಿನ ರಾತ್ರಿಯ ಬಾಡಿಗೆ ಕೊಟ್ಟೇ ಬಿಡು.

ಹೋದ ದಿನ ಏನೂ ಇಟ್ಟುಕೊಳ್ಳಬೇಡಿ. ಸ್ನಾನ, ಊಟ, ನಿದ್ದೆ. ಮರುದಿನ ಬೆಳಿಗ್ಗೆ ಮಠ. ಗಂಡಸರು ಅಂಗಿ ತೆಗೆಯಬೇಕು, ಅಳಿಯಂದ್ರಿಗೆ ಪಂಚೆ ಇಡು. ಕೃಷ್ಣನನ್ನು ಒಳಗೆ ನವಗ್ರಹ ಕಿಂಡಿಯಲ್ಲಿ ನೋಡಬೇಕು, ಹೊರಗಿನಿಂದ ಕನಕನ ಕಿಂಡಿ. ಅವ್ವ ಕನಕನ ಕಿಂಡಿಯ ಮುಂದೆ ನಿಂತರೆ ಅವಸರ ಮಾಡಬೇಡಿ. ಚಿಕ್ಕಂದಿನಲ್ಲಿ ಆ ಕತೆ ನಮಗೆ ಎಷ್ಟು ಸಲ ಹೇಳಿದ್ದಾಳೋ.

ಸಂಜೆ ಸಮುದ್ರ. ನಾಲ್ಕೂವರೆಗೆ ಹೊರಡಿ, ಆ ತಿಂಗಳಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮರಳಿನಲ್ಲಿ ಅವ್ವನಿಗೆ ಕೋಲು ಊರಲು ಆಗುವುದಿಲ್ಲ, ಹೂತುಹೋಗುತ್ತದೆ. ಒಂದು ಮಡಚುವ ಕುರ್ಚಿ ಕಾರಿನಲ್ಲಿರಲಿ. ಮಲ್ಪೆಯಲ್ಲಿ ಸೀ ವಾಕ್ ಅಂತ ನೀರಿನ ಪಕ್ಕದಲ್ಲೇ ನಡೆಯುವ ಹಾದಿ ಕಟ್ಟಿದ್ದಾರೆ. ಮೊದಲು ಅಲ್ಲಿ ಕೂರಿಸಿ. ಆಮೇಲೆ ಅವಳಿಗೇ ಮನಸ್ಸಾದರೆ ಇಬ್ಬರು ಹಿಡಿದು ಅಂಚಿನ ತನಕ ಕರೆದೊಯ್ದು ಕಾಲಿಗೆ ನೀರು ತಾಕಿಸಿ. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ತಲೆ ಸುತ್ತಿದ ಹಾಗಾಗುತ್ತದೆ. ಕೈ ಬಿಡಬೇಡಿ. ಪುಟ್ಟನ ಕೈಯನ್ನಂತೂ ಒಂದು ಗಳಿಗೆಯೂ ಬೇಡ. ಕೆಂಪು ಬಾವುಟ ಕಂಡರೆ ಯಾರೂ ನೀರಿಗೆ ಇಳಿಯಬೇಡಿ.

ಸೇಂಟ್ ಮೇರಿಸ್ ದ್ವೀಪಕ್ಕೆ ನೀವಿಬ್ಬರು ಹೋಗಿ ಬನ್ನಿ. ಲಾವಾ ತಣ್ಣಗಾಗಿ ಬಿರಿದು ಕಂಬ ಜೋಡಿಸಿಟ್ಟ ಹಾಗೆ ಆಗಿರುವ ಕಲ್ಲುಗಳು ಅಲ್ಲಿವೆ, ನೋಡಲೇಬೇಕು. ಆದರೆ ದೋಣಿ ಹತ್ತಿ ಇಳಿಯುವುದು ಅವ್ವನಿಂದ ಆಗದು. ಅಷ್ಟು ಹೊತ್ತು ನಿಮ್ಮಮ್ಮ ಅವಳ ಜೊತೆಗಿರಲಿ. ಕಾಪು ದೀಪಸ್ತಂಭವೂ ಹಾಗೇ. 1901ರಲ್ಲಿ ಕಟ್ಟಿದ್ದು, ಕೆಳಗಿನಿಂದಲೂ ಚೆಂದ.

ಅಲ್ಲಿ ಸೆಕೆ ಜಾಸ್ತಿ, ಚಳಿಗಾಲದಲ್ಲೂ ಬೆವರು. ಒಗೆದ ಬಟ್ಟೆ ನಮ್ಮಲ್ಲಿಯ ಹಾಗೆ ಬೇಗ ಒಣಗುವುದಿಲ್ಲ, ಹತ್ತಿ ಸೀರೆ ಎರಡು ಹೆಚ್ಚಿಗೆ ಇಡು. ಹೋಟೆಲಿನಲ್ಲಿ ಕೆಲವು ಕಡೆ ಕುಚ್ಚಲಕ್ಕಿ ಅನ್ನ ಬಡಿಸುತ್ತಾರೆ. ಅವ್ವನಿಗೆ ಒಗ್ಗದಿದ್ದರೆ ಬೆಳ್ತಿಗೆ ಅನ್ನ ಅಂತ ಕೇಳು, ಬಿಳಿ ಅನ್ನ ಕೊಡುತ್ತಾರೆ. ಬಿಪಿ ಮಾತ್ರೆ ಅವಳ ಕೈಚೀಲದಲ್ಲೂ ಇರಲಿ, ನಿನ್ನ ಬ್ಯಾಗಿನಲ್ಲೂ ಇರಲಿ. ರಾಗಿ ಹುರಿಹಿಟ್ಟು ನಾನು ಮಾಡಿ ಕಳಿಸುತ್ತೇನೆ, ಬಿಸಿನೀರು ಒಂದಿದ್ದರೆ ಸಾಕು.

ಲಾಡ್ಜಿನವರ ಹತ್ತಿರ ಮಾತಾಡಿದ ಮೇಲೆ ನನಗೆ ಫೋನ್ ಮಾಡು. ಅವರು ಕಳಿಸಿದ ವಿಡಿಯೋ ನನಗೂ ಹಾಕು, ಮೆಟ್ಟಿಲು ನಾನೇ ಎಣಿಸಿ ಹೇಳುತ್ತೇನೆ.

ನಿನ್ನ ದೊಡ್ಡಮ್ಮ